ಇಟಲಿಯಲ್ಲಿ ನನ್ನ ಬ್ಯಾಟರಿ ಪಾಡು

ಮದುವೆ ಫೋಟೋ ತೆಗೆದು ಬದುಕುವವನಿಗೆ ಬ್ಯಾಟರಿ ಕೈಕೊಡುವುದು ಹೊಸದಲ್ಲ. ಮೈಸೂರಲ್ಲಾದರೆ ಪಕ್ಕದ ಮನೆಯಲ್ಲಿ ಸಿಕ್ಕಿಸಿ ಬರಬಹುದು, ಇಟಲಿಯಲ್ಲಿ ಯಾರ ಮನೆಗೆ ಹೋಗಲಿ? ಒಂಟಿಕೊಪ್ಪಲಿನ ಅಂಕಲ್-ಆಂಟಿಯ ಮದುವೆ ಫೋಟೋ ಗೆದ್ದಲು ಪಾಲಾಗಿತ್ತು. ಐವತ್ತನೇ ವರ್ಷಕ್ಕೆ ಇಟಲಿಯ ಚರ್ಚಿನಲ್ಲಿ ಆಶೀರ್ವಾದ ಪಡೆದು, ಒಂದೇ ಒಂದು ಒಳ್ಳೆ ಫೋಟೋ ತೆಗೆಸಿಕೊಳ್ಳಬೇಕೆಂದು ತಮ್ಮ ಗುಂಪಿನ ಜೊತೆ ನನ್ನನ್ನೂ ಕರೆದೊಯ್ದರು.

ಕರೆಂಟ್ ಹೋಯ್ತು

ಅಲ್ಲಿನ ಗೋಡೆಗೆ ನಮ್ಮ ಪ್ಲಗ್ ಕೂರುವುದಿಲ್ಲ. ಅಡಾಪ್ಟರ್ ತಂದವನು ನಾನೊಬ್ಬನೇ. ಮೊದಲ ಹೋಟೆಲಿನಲ್ಲಿ ಅದಕ್ಕೆ ಎಕ್ಸ್‌ಟೆನ್ಷನ್ ಬಾಕ್ಸ್ ಸಿಕ್ಕಿಸಿ, ಕೈ ತೊಳೆದು ಬರುವಷ್ಟರಲ್ಲಿ ಐದು ಫೋನು, ಒಂದು ರೈಸ್ ಕುಕ್ಕರ್ ಸೀಟು ಹಿಡಿದಿದ್ದವು. ಕುಕ್ಕರ್ ಆನ್ ಮಾಡಿದ್ದೇ ತಡ, ಇಡೀ ಮಹಡಿಯ ದೀಪ ಆರಿತು. ಕುಕ್ಕರಿನ ಅಕ್ಕ ನೇರ ಕಿಟಕಿಗೆ ಹೋಗಿ ಇಣುಕಿದರು.

“ಎದುರು ಮನೇಲಿ ಇದೆ ಕಣ್ರೀ! ನಮ್ ಲೈನ್ ಮಾತ್ರ ಹೋಗಿರೋದು. ಲೈನ್‌ಮನ್‌ಗೆ ಫೋನ್ ಮಾಡಿ.”

ಬೀಗದ ಕೈ

ಮುಂದಿನ ಹೋಟೆಲಿನಲ್ಲಿ ಬಾಗಿಲು ತೆರೆಯುವ ಕಾರ್ಡನ್ನೇ ಗೋಡೆಗೆ ಸಿಕ್ಕಿಸಿದರೆ ಮಾತ್ರ ರೂಮಿಗೆ ಕರೆಂಟು. ಅದನ್ನು ಅಲ್ಲೇ ಬಿಟ್ಟು, ಬ್ಯಾಟರಿ ಚಾರ್ಜಿಗಿಟ್ಟು ತಿಂಡಿಗೆ ಇಳಿದೆ. ನನ್ನ ರೂಮಿನಲ್ಲಿದ್ದವರು ಅಂಕಲ್ ಸ್ನೇಹಿತರು, ಹಿನಕಲ್‌ನ ಟೈಲ್ಸ್ ಅಂಗಡಿಯವರು. ಹಿಂದೆಯೇ ಬಂದು ಕಾರ್ಡನ್ನು ನನ್ನ ಜೇಬಿಗಿಟ್ಟರು.

“ಬೀಗದ್ ಕೈನ ಗೋಡೆಗ್ ಸಿಕ್ಕಿಸ್ಬುಟ್ಟು ಬತ್ತಾರೇನ್ರೀ? ಎಂಗೆ ಬದುಕ್ತೀರೋ ನೀವು!”

ನನಗೂ ಗೊತ್ತಿಲ್ಲ.

ಆ ಒಂದು ಫೋಟೋ

ಆಶೀರ್ವಾದದ ದಿನ ನನ್ನ ಎರಡೂ ಬ್ಯಾಟರಿ ಖಾಲಿ. ಈ ಹೋಟೆಲಿನಲ್ಲಿ ಕಾರ್ಡಿನ ಕಾಟವಿರಲಿಲ್ಲ. ಟೈಲ್ಸಿನವರ ಸಹವಾಸ ಸಾಕಾಗಿ, ಬೆಳಗ್ಗೆಯೇ ಚಾರ್ಜರನ್ನು ಆಂಟಿಯ ರೂಮಿನಲ್ಲಿ ಹಾಕಿ, “ಹೊರಡುವಾಗ ತನ್ನಿ ಆಂಟಿ” ಎಂದೆ. ಚರ್ಚಿನಲ್ಲಿ ಕೈಚೀಲದಿಂದ ಬ್ಯಾಟರಿ ತೆಗೆದುಕೊಟ್ಟರು. ಕ್ಯಾಮೆರಾಗೆ ಹಾಕಿದೆ. ಜೀವವಿಲ್ಲ.

“ಚಾರ್ಜ್ ಆಗಿತ್ತಾ ಆಂಟಿ?”

“ನೀನು ಹೋದ್ಮೇಲೆ ನಾವೂ ತಿಂಡಿಗೆ ಹೊರಟ್ವಲ್ಲ. ರೂಮಲ್ಲಿ ಯಾರೂ ಇಲ್ದೆ ಕರೆಂಟ್ ಉರೀತಾ ಇದ್ರೆ ಹೇಗಪ್ಪ? ಸ್ವಿಚ್ ಹುಡುಕ್ದೆ, ಅಲ್ಲಿ ಸ್ವಿಚ್ಚೇ ಇಲ್ಲ. ಪ್ಲಗ್ಗೇ ಕಿತ್ತಿಟ್ಟೆ.”

ನಿಜಕ್ಕೂ ಅಳು ಬಂತು. ಅಂಕಲ್-ಆಂಟಿಯ ನಡುವೆ ನಿಂತು ಕೈಮುಗಿದು ಕ್ಷಮೆ ಕೇಳುತ್ತಿದ್ದೆ. ಅಲ್ಲಿನ ಫಾದರ್ ನನ್ನನ್ನು ಮಗನೆಂದು ತಿಳಿದರೋ ಏನೋ, ನನ್ನ ಬೆನ್ನು ತಟ್ಟಿ, ಅಂಕಲ್ ಫೋನ್ ಈಸಿಕೊಂಡು ಕ್ಲಿಕ್ಕಿಸಿಯೇಬಿಟ್ಟರು. ಅಷ್ಟರಲ್ಲಿ ಮುಂದಿನ ಗುಂಪು ಬಂತು, ನಮ್ಮನ್ನು ಹೊರಗೆ ಕಳಿಸಿದರು.

ಆ ಫೋಟೋ ಈಗ ದೊಡ್ಡದಾಗಿ ಅವರ ಹಾಲಿನಲ್ಲಿದೆ. ಅಂಕಲ್, ಆಂಟಿ ಚೆನ್ನಾಗಿ ನಕ್ಕಿದ್ದಾರೆ. ಮಧ್ಯೆ ನಾನು, ಕಣ್ತುಂಬ ನೀರು. ಬಂದವರೆಲ್ಲ ಕೇಳುತ್ತಾರಂತೆ, “ಮಗನಾ?”

ಆಂಟಿ ಹೇಳುತ್ತಾರೆ, “ಅಲ್ಲ ಕಣಮ್ಮ, ಫೋಟೋ ತೆಗೆಯೋಕೆ ಅಂತ ಮೈಸೂರಿಂದ ಕರ್ಕೊಂಡು ಹೋಗಿದ್ವಲ್ಲ, ಅವನು.”