ಮಾವನ ಕಿವಿಗೊಂದು ಪರವಾನಗಿ

ಸರ್ಕಾರಿ ಕಚೇರಿಗೆ ಕಾಗದ ಹೊತ್ತು ತಿರುಗುವ ನೌಕರಿಯವರು ನಗೆಗಾಗಿ ಎಲ್ಲಿಗೂ ಹೋಗಬೇಕಾಗಿಲ್ಲ. ವಾರಕ್ಕೊಂದು ಪ್ರಸಂಗ ತಾನಾಗಿಯೇ ವಿಳಾಸ ಕೇಳಿಕೊಂಡು ಬರುತ್ತದೆ.

ನನ್ನದು ಅಂಥದೇ ನೌಕರಿ. ಪುಣೆಯ ಒಂದು ಸಣ್ಣ ಕಂಪನಿ, ಹಾಡು ಕೇಳುವ ಇಯರ್‌ಬಡ್ ಮಾಡುತ್ತೇವೆ. ಕಿವಿ ಮಂದವಾದವರಿಗೆ ಎದುರಿನವರ ಮಾತನ್ನು ದೊಡ್ಡದು ಮಾಡಿ ಕೇಳಿಸುವ ಏರ್ಪಾಡನ್ನೂ ಅದರೊಳಗೇ ಸೇರಿಸಿಟ್ಟಿದ್ದೇವೆ. ಡಾಕ್ಟರು ಬರೆದುಕೊಡುವ ಕಿವಿ ಮಷೀನಿನ ಬೆಲೆಗೆ ಒಂದು ಸ್ಕೂಟರ್ ಬರುತ್ತದೆ, ನಮ್ಮದರ ಬೆಲೆಗೆ ಹೆಚ್ಚೆಂದರೆ ಅದರ ಹೆಲ್ಮೆಟ್ಟು. ಆದರೆ ಆ ಏರ್ಪಾಡನ್ನು ಚಾಲೂ ಮಾಡುವ ಹಾಗಿಲ್ಲ. ಮಾಡಿದ ಕ್ಷಣದಿಂದ ಅದು ಹಾಡಿನ ಸಾಮಾನಲ್ಲ, ವೈದ್ಯಕೀಯ ಉಪಕರಣ. ಅದಕ್ಕೆ ಪರವಾನಗಿ ಬೇಕು. ಪರವಾನಗಿ ತರುವವಳು ನಾನು. ಎರಡು ವರ್ಷದಿಂದ ತರುತ್ತಲೇ ಇದ್ದೇನೆ.

ಇದಕ್ಕಿಂತ ದೊಡ್ಡ ತಾಪತ್ರಯ ಮನೆಯಲ್ಲಿದೆ. ಧಾರವಾಡದಿಂದ ಬಂದು ಪುಣೆಯ ಕೋಥರೂಡದಲ್ಲಿ ನಲವತ್ತು ವರ್ಷ ಸಂಸಾರ ಮಾಡಿದ ನಮ್ಮ ಮಾವನವರಿಗೆ ಕಿವಿ ಕೇಳುವುದಿಲ್ಲ. ಮಷೀನು ಹಾಕಿಕೊಳ್ಳಿ ಅಂದರೆ, "ಹಾಕ್ಕೊಂಡ್ರ ನಾ ಕಿವುಡ ಅಂತ ಮಂದಿಗೆ ಗೊತ್ತಾಗ್ತದ" ಎನ್ನುತ್ತಾರೆ, ಕೆಳಗಿನ ಎರಡು ಮಹಡಿಗೂ ಕೇಳಿಸುವ ದನಿಯಲ್ಲಿ. ಇಯರ್‌ಬಡ್ ಆದರೆ ಒಪ್ಪಿಗೆ. ಅದನ್ನು ಕಾಲೇಜಿನ ಹುಡುಗರೂ ಹಾಕುತ್ತಾರಲ್ಲ!

ಅಲ್ಲಿಯವರೆಗೆ ಅವರ ಉಪಾಯ ಒಂದೇ. ಕೇಳಿಸದ ಮಾತಿಗೆಲ್ಲ ಮುಗುಳ್ನಕ್ಕು ತಲೆ ಆಡಿಸುವುದು. ಕನ್ನಡದವರಾದರೆ "ಹೌದ್ರಿ", ಮರಾಠಿಯವರಾದರೆ ಅವರ ಹೌದಾದ "ಹೋ, ಹೋ". ಹೀಗೆ ತಲೆ ಆಡಿಸಿಯೇ ಅವರು ನಮ್ಮ ಕಟ್ಟಡದ ಸೊಸೈಟಿಯ ಕಾರ್ಯದರ್ಶಿಯಾದರು. ಹೀಗೆ ತಲೆ ಆಡಿಸಿಯೇ ಮೂರನೆಯ ಮಹಡಿಯವರ ನಾಯಿಯನ್ನು ಹದಿನೈದು ದಿನ ಸಾಕಿದರು. ನಾಯಿಗಂತೂ ಭಾಳ ಸುಖವಾಗಿತ್ತು, ಬೊಗಳಿದರೂ ಬೈಯುವವರಿರಲಿಲ್ಲ.

ಇಷ್ಟಾದರೆ ನಗಬಹುದಿತ್ತು. ಆದರೆ ಈ ವರ್ಷ ನನ್ನ ಮಗಳು ಒಬ್ಬ ಹುಡುಗನನ್ನು ಮೆಚ್ಚಿಕೊಂಡಳು. ಪುಣೆಯ ಹತ್ತಿರದ ಭೋರಿನ ಮರಾಠಿ ಮನೆತನ, ಹುಡುಗ ಬಂಗಾರದಂಥವನು. ಮದುವೆಯ ಮಾತುಕತೆಯನ್ನು ಮನೆಯ ಹಿರಿಯರೇ ಆಡಬೇಕು, ಮಿಕ್ಕವರು ಬಾಯಿ ಹಾಕಬಾರದು ಎನ್ನುವುದು ಎರಡೂ ಮನೆಯ ಪದ್ಧತಿ. ನನ್ನ ಗಂಡ ಅವರಪ್ಪನ ಎದುರು ಮಾತಾಡಿದ ದಾಖಲೆ ಇಲ್ಲ.

"ಅಜ್ಜ ಮಾತಾಡಿದ್ರ ಮದುವಿ ಮುರೀತದ, ಮಾತಾಡಬ್ಯಾಡ ಅಂದ್ರ ಅಜ್ಜ ಮುರೀತಾನ," ಎಂದಳು ಮಗಳು. "ಅಮ್ಮಾ, ನಿನ್ನ ಪರ್ಮಿಷನ್ ಯಾವಾಗ ಬರ್ತದ?"

ಎಡಗಿವಿ, ಬಲಗಿವಿ

ಅರ್ಜಿಯನ್ನು ಮೊದಲು ಒಯ್ದದ್ದು ಪುಣೆಯ ಶಿವಾಜಿನಗರದ ಪರವಾನಗಿ ಕಚೇರಿಗೆ. ಮೇಲಿನ ಮಹಡಿಯ ಗುಮಾಸ್ತರು ಇಯರ್‌ಬಡ್ಡನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಹಾಡಿನ ಸಾಮಾನು ಮ್ಯಾಡಮ್. ನಮ್ಮದು ಔಷಧ, ಉಪಕರಣ. ಕೆಳಗೆ ಹೋಗಿ." ಕೆಳಗಿನವರು ಅರ್ಜಿ ಓದಿದರು. "ಕಿವುಡರಿಗೆ ಅಂತ ಬರೆದಿದ್ದೀರಿ. ಕಿವುಡು ಅಂದರೆ ವೈದ್ಯಕೀಯ. ಮೇಲೆ ಹೋಗಿ."

ಮೇಲೆ, ಕೆಳಗೆ, ಮೇಲೆ. ಮಳೆಗಾಲ ಮುಗಿದು ದೀಪಾವಳಿ ಬಂತು. ಫೈಲಿನ ತೂಕ ಹೆಚ್ಚಿತು, ನನ್ನದು ಇಳಿಯಿತು. ಕೀಲುನೋವಿನ ಮಾತ್ರೆಗೆ ಪರವಾನಗಿ ಕೊಡುವವರೂ ಅದೇ ಮಹಡಿಯವರು ಅನ್ನುವುದೊಂದೇ ಸಮಾಧಾನ.

ಒಂದು ದಿನ ಸಿಟ್ಟು ನೆತ್ತಿಗೇರಿ, ಮೇಲಿನ ಗುಮಾಸ್ತರಿಗೆ ಹೇಳಿಯೇಬಿಟ್ಟೆ: "ಸಾಹೇಬ್ರೇ, ಒಂದು ಕೆಲಸ ಮಾಡೋಣ. ಎಡಗಿವಿ ನೀವು ಇಟ್ಟುಕೊಳ್ಳಿ, ಬಲಗಿವಿ ಕೆಳಗಿನವರಿಗೆ ಕೊಡ್ತೀನಿ."

ಅವರು ನಗಲಿಲ್ಲ. ಕನ್ನಡಕ ಏರಿಸಿ ಎರಡು ನಿಮಿಷ ಯೋಚಿಸಿ, "ಹಾಗಾದರೆ ಎರಡು ಅರ್ಜಿ ಬೇಕಾಗುತ್ತೆ" ಅಂದರು.

ಅಕ್ಷರದ ಎತ್ತರ

ಅಂತೂ ಮೇಲಿನವರು ಫೈಲು ಇಟ್ಟುಕೊಂಡರು. ಇಟ್ಟುಕೊಂಡ ಮೇಲೆ ಪತ್ರಗಳು ಶುರುವಾದವು. ಮೊದಲನೆಯದರಲ್ಲಿ, "ಸದರಿ ಉಪಕರಣದಲ್ಲಿ ಹಾಡು ಸಹ ಕೇಳಿಸುವುದಾಗಿ ತಿಳಿದುಬಂದಿದೆ. ರೋಗಿಗೆ ಹಾಡಿನ ವೈದ್ಯಕೀಯ ಅವಶ್ಯಕತೆಯನ್ನು ವಿವರಿಸಿ" ಎಂದಿತ್ತು. ಅದನ್ನು ಹೇಗೋ ವಿವರಿಸಿದೆ. ಎರಡನೆಯ ಪತ್ರ ಬಂತು. ಉಪಕರಣದ ಮೈಮೇಲೆ ಅದರ ಹೆಸರು, ಬಳಕೆ, ಎಚ್ಚರಿಕೆ ಎಲ್ಲವೂ ಎರಡು ಭಾಷೆಯಲ್ಲಿ, ಇಂತಿಷ್ಟು ಎತ್ತರದ ಅಕ್ಷರದಲ್ಲಿ ಇರಬೇಕು.

ಇಯರ್‌ಬಡ್ ಎಷ್ಟಿರುತ್ತದೆ? ಒಂದು ಶೇಂಗಾಕಾಳಿನಷ್ಟು. ಆ ಎತ್ತರದ ಅಕ್ಷರದಲ್ಲಿ ಬರೆದರೆ ಎಡಗಿವಿಗೆ ಮೊದಲನೇ ಅಕ್ಷರ, ಬಲಗಿವಿಗೆ ಎರಡನೇ ಅಕ್ಷರ. ಮಿಕ್ಕದ್ದಕ್ಕೆ ಇನ್ನೂ ನಾಲ್ಕು ಜನ ಬೇಕು.

ನಮ್ಮ ಕಂಪನಿಯ ಮಾಲೀಕರಿಗೆ ತೊಂದರೆಗಿಂತ ಮೊದಲು ಪರಿಹಾರ ಹೊಳೆಯುತ್ತದೆ. "ಬಾಲದ ಹಾಗೆ ಒಂದು ಸ್ಟಿಕ್ಕರ್ ಸುತ್ತಿ ಕಳಿಸಿ" ಅಂದರು. ನಮ್ಮಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುವ ಮೈಸೂರಿನ ಹುಡುಗಿ ಗಾಬರಿಯಾದಳು. "ಸರ್, ಅಲ್ಲೇ ಮೈಕ್ ಇರೋದು. ಸ್ಟಿಕ್ಕರ್ ಸುತ್ತಿದ್ರೆ ಬ್ಲಾಕ್ ಆಗಿಬಿಡುತ್ತೆ, ಏನೂ ಕೇಳ್ಸಲ್ಲ."

"ಕೇಳಿಸದಿದ್ದರೂ ನಿಯಮದ ಪ್ರಕಾರ ಇರುತ್ತಲ್ಲ!" ಅಂದರು ಮಾಲೀಕರು.

ಕಳಿಸಿದೆವು. ಒಂದೇ ವಾರದಲ್ಲಿ ಉತ್ತರ ಬಂತು, ಅಕ್ಷರದ ಎತ್ತರ ತೃಪ್ತಿಕರವಾಗಿದೆ ಎಂದು. ನಾವು ಪೇಢೆ ಹಂಚಿದೆವು. ಮರುವಾರ ಇನ್ನೊಂದು ಪತ್ರ ಬಂತು, ಸದರಿ ಮಾದರಿಯಲ್ಲಿ ಏನೂ ಕೇಳಿಸುತ್ತಿಲ್ಲವೆಂದು.

ನಳದ ಕೆಳಗಿನ ಕೊಡ

ಮಾವನವರಿಗೆ ಒಂದು ಜೋಡಿ ತಂದುಕೊಟ್ಟದ್ದು ನನ್ನದೇ ತಪ್ಪು. ಅವರಿಗೆ ಏನಾದರೂ ಹೇಳಬೇಕಾದರೆ ನಾವು ಹಳೇ ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನಿಗೆ ದೊಡ್ಡ ಅಕ್ಷರದಲ್ಲಿ ಬರೆಯುತ್ತೇವೆ. ಹಾಗೆ ಬರೆದೆ: "ಸದ್ಯ ಬಂದ್ ಅದ. ಪರ್ಮಿಷನ್ ಬಂದ ದಿನ ಕಂಪನಿಯಿಂದನೇ ಒಂದು ಗುಂಡಿ ಒತ್ತತೀವಿ. ತಾನಾಗೇ ಚಾಲೂ ಆಗ್ತದ."

ಮರುದಿನ ಸ್ನಾನ ಮುಗಿಸಿ ಎರಡೂ ಕಿವಿಗೆ ತುರುಕಿಕೊಂಡವರು ಮತ್ತೆ ತೆಗೆಯಲಿಲ್ಲ. ಚಾಲೂ ಆಗದ ಇಯರ್‌ಬಡ್ಡೆಂದರೆ ಬರೀ ಬೂಚು. ಮೊದಲು ಕುಕ್ಕರಿನ ಸೀಟಿಯಾದರೂ ಕೇಳಿಸುತ್ತಿತ್ತು, ಈಗ ಅದೂ ಹೋಯಿತು. ತೆಗೆಯಿರಿ ಎಂದು ಬರೆದು ತೋರಿಸಿದೆ.

"ಅದ್ಹೆಂಗ ತೆಗೀಲಿಕ್ಕೆ ಬರ್ತದವಾ?" ಅಂದರು. "ಸರ್ಕಾರದ್ದು ನಳದ ನೀರಿನ ಹಂಗ. ಯಾವಾಗ ಬಿಡ್ತಾರ ಅಂತ ಹೇಳಿ ಬಿಡ್ತಾರೇನು? ನಾವು ಕೊಡಾ ಹಚ್ಚಿಟ್ಟು ತಯಾರಿರಬೇಕು."

ಹಾಗೇ ಸಿಟಿ ಬಸ್ಸಿನಲ್ಲೂ ಓಡಾಡಿದರು. ಕಾಲೇಜಿನ ಹುಡುಗಿಯರಿಬ್ಬರು, "ಅಜ್ಜಾ, ಏನು ಕೇಳ್ತಿದ್ದೀರಿ?" ಎಂದು ಮರಾಠಿಯಲ್ಲಿ ಕೇಳಿದರಂತೆ. ಇವರು "ಹೋ, ಹೋ" ಎಂದು ತಾಳ ಹಾಕಿದ ಹಾಗೆ ತಲೆ ಆಡಿಸಿದರಂತೆ. ಅವರು ಸೀಟು ಬಿಟ್ಟುಕೊಟ್ಟು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಇದೆಲ್ಲ ನನಗೆ ಹೇಳಿದ್ದು ಜೊತೆಗಿದ್ದ ಅತ್ತೆ. ಮಾವನವರು ಮನೆಗೆ ಬಂದವರೇ ಎದೆ ಸೆಟೆಸಿ ಹೇಳಿದರು: "ಏನ ಮರ್ಯಾದಿ ಕೊಡ್ತಾರ ಈಗಿನ ಮಕ್ಕಳು! ಇನ್ನ ಕೇಳಿಸ್ಲಿಕ್ಕೆ ಸುರು ಆತು ಅಂದ್ರ ನನ್ನ ಹಿಡಿಯೋರ ಇಲ್ಲ."

ಒಂದೇ ಒಂದು ಆಕ್ಷೇಪಣೆ

ಇದಾದ ಮೇಲೆ ಕಚೇರಿಯವರು, ಈ ಉಪಕರಣದ ಬಗ್ಗೆ ಯಾರದಾದರೂ ಆಕ್ಷೇಪಣೆ ಇದ್ದರೆ ತಿಂಗಳೊಳಗೆ ತಿಳಿಸಬೇಕೆಂದು ಪ್ರಕಟಿಸಿದರು. ದೇಶದಲ್ಲಿ ಯಾರೂ ಉಸಿರೆತ್ತಲಿಲ್ಲ. ನಮ್ಮ ಅಡುಗೆಮನೆಯಲ್ಲಿ ಮಾತ್ರ, ಚಪಾತಿ ಲಟ್ಟಿಸುತ್ತಿದ್ದ ಅತ್ತೆ ಲಟ್ಟಣಿಗೆ ಕೆಳಗಿಟ್ಟರು.

"ನಂದೊಂದು ಬರಕೋ," ಅಂದರು. "ಲಗ್ನ ಆದಾಗಿಂದ ಮನಸಿನಾಗಿಂದು ಮನಸಿನಾಗ ಇಟ್ಕೊಂಡು ಬಿ.ಪಿ. ತರಿಸಿಕೊಂಡೆ. ಈಗ ಅವರ ಕಿವಿ ಹೋಗಿ ಎಂಟು ವರ್ಷ ಆತು, ಅವರ ಎದುರಿಗೇ ಕೂತು, ಅವರಿಗೇ ಅಂದು, ಹಗುರಾಗ್ತೀನಿ. ಅವರೂ ಹೌದ್ರಿ ಹೌದ್ರಿ ಅಂತಾರ. ಡಾಕ್ಟರು ಗುಳಿಗಿ ಅರ್ಧಕ್ಕ ಇಳಿಸ್ಯಾರ. ನಾಳೆ ಅವರಿಗೆ ಕೇಳಿಸ್ತು ಅಂದ್ರ ನಾ ಎಲ್ಲಿಗೆ ಹೋಗ್ಲೆವಾ?"

ಬರೆದುಕೊಳ್ಳಲಿಲ್ಲ. ಬರೆದುಕೊಂಡಿದ್ದರೆ, ಅಷ್ಟು ದಪ್ಪ ಫೈಲಿನಲ್ಲಿ ನಿಜವಾದ ವೈದ್ಯಕೀಯ ಆಧಾರವಿದ್ದ ಕಾಗದ ಅದೊಂದೇ ಆಗುತ್ತಿತ್ತು.

ಭೋರಿನ ಹಿರಿಯರು

ಭೋರಿನವರು ಮಾತುಕತೆಗೆ ಭಾನುವಾರ ಬರುವುದೆಂದು ನಿಶ್ಚಯವಾಯಿತು. ಶುಕ್ರವಾರ ಕಚೇರಿಗೆ ಫೋನು ಮಾಡಿದೆ. ಫೈಲು ಸಾಹೇಬರ ಮೇಜಿನ ಮೇಲಿದೆ, ಸಾಹೇಬರು ತರಬೇತಿಗೆ ಹೋಗಿದ್ದಾರೆ ಅಂದರು. ಯಾವ ತರಬೇತಿ ಎಂದೆ. ಕಡತಗಳ ಶೀಘ್ರ ವಿಲೇವಾರಿ ಕುರಿತ ತರಬೇತಿ.

ನಾಚಿಕೆ ಬಿಟ್ಟು ಮೈಸೂರಿನ ಹುಡುಗಿಯ ಹತ್ತಿರ ಹೋದೆ. "ಭಾನುವಾರ ಒಂದು ತಾಸಿನ ಮಟ್ಟಿಗೆ ಒಂದೇ ಒಂದು ಜೋಡಿ ಚಾಲೂ ಮಾಡಿಕೊಡ್ತೀಯೇನಮ್ಮಾ?"

ಅವಳು ನನ್ನನ್ನೇ ನೋಡಿದಳು. "ಮ್ಯಾಮ್, ಪರ್ಮಿಷನ್ ಇಲ್ದೆ ಆನ್ ಮಾಡಿದ್ರೆ ರೆಕಾರ್ಡ್ ಆಗುತ್ತೆ, ಅಪ್ಲಿಕೇಶನ್ನೇ ರಿಜೆಕ್ಟ್ ಆಗುತ್ತೆ ಅಂತ ನಮಗೆಲ್ಲಾ ಕ್ಲಾಸ್ ತಗೊಂಡಿದ್ದು ನೀವೇ ಅಲ್ವಾ?" ನಾನೇ ಹೌದು. ತಲೆ ತಗ್ಗಿಸಿ ವಾಪಸು ಬಂದೆ.

ಮಗಳ ಬಯಕೆ ಮೂರೇ ಇದ್ದವು. ಮದುವೆ ಪುಣೆಯಲ್ಲಿ, ಸಣ್ಣದಾಗಿ, ಆಮೇಲೆ ನೌಕರಿ ಬಿಡುವುದಿಲ್ಲ. ಅದನ್ನು ಕ್ಯಾಲೆಂಡರಿನ ಹಾಳೆಯಲ್ಲಿ ಬರೆದು ಅಜ್ಜನಿಗೆ ಬಾಯಿಪಾಠ ಮಾಡಿಸಿದಳು. ಹೇಳುವುದಕ್ಕೇನೋ ಅವರು ಗಟ್ಟಿಗರು. ಎದುರಿನವರು ಹೇಳಿದ್ದಕ್ಕೆ ತಲೆ ಆಡಿಸಿಬಿಟ್ಟರೆ? ಹಿರಿಯರ ಬಾಯಿಂದ ಒಮ್ಮೆ ಹೌದು ಬಂದರೆ ಆಮೇಲೆ ಅಲ್ಲ ಎನ್ನುವ ಹಾಗಿಲ್ಲ. ಅಲ್ಲವೆಂದರೆ ಸಂಬಂಧವೇ ಮುರಿದ ಹಾಗೆ. ಮಗಳು ಬೆಳಗಿನಿಂದ ನೀರು ಕೂಡ ಕುಡಿಯಲಿಲ್ಲ.

ಬಂದರು. ಹುಡುಗ, ಅವನ ತಂದೆ ತಾಯಿ, ಬಿಳಿ ಟೋಪಿಯ ಅಜ್ಜ. ಹಿರಿಯರಿಬ್ಬರು ಎದುರುಬದುರು ಕೂತರು. ಮಾವನವರ ಕಿವಿಯಲ್ಲಿ ಇಯರ್‌ಬಡ್ಡು. ನಾವೆಲ್ಲ ಗೋಡೆಗೆ ಆತು ನಿಂತೆವು.

ಮಾವನವರು ಉಸಿರು ಬಿಡದೆ ಮರಾಠಿಯಲ್ಲಿ ಶುರು ಮಾಡಿದರು. "ಲಗ್ನ ಪುಣೆಯಲ್ಲೇ."

"ಹೋ, ಹೋ," ಎಂದು ಭೋರಿನ ಅಜ್ಜ ಮುಗುಳ್ನಕ್ಕು ತಲೆ ಆಡಿಸಿದರು.

"ಎರಡೂ ಕಡೆಯಿಂದ ಕೂಡಿ ನೂರು ಜನ. ಹೆಚ್ಚಿಲ್ಲ."

"ಹೋ, ಹೋ."

"ಹುಡುಗಿ ನೌಕರಿ ಬಿಡೋದಿಲ್ಲ."

"ಹೋ, ಹೋ."

ಮಗಳ ಮುಖ ಅರಳಿತು. ಅಷ್ಟರಲ್ಲಿ ಭೋರಿನ ಅಜ್ಜ ಟೋಪಿ ಸರಿಮಾಡಿಕೊಂಡು ಗಂಟಲು ಕೆರೆದರು. "ಲಗ್ನ ಭೋರಿನಲ್ಲಿ. ನಮ್ಮ ವಾಡೆಯ ಮುಂದೆ ಮಾಂಡವ, ದೊಡ್ಡ ಚಪ್ಪರ."

"ಹೋ, ಹೋ," ಅಂದರು ನಮ್ಮ ಮಾವ.

"ಇಡೀ ಪೇಟೆಗೆ ಊಟ."

"ಹೋ, ಹೋ."

"ಸೊಸೆ ನಮ್ಮೊಂದಿಗೆ ಭೋರಿನಲ್ಲೇ ಇರಬೇಕು."

"ಹೋ, ಹೋ!"

ಹತ್ತು ನಿಮಿಷದಲ್ಲಿ ಮುಗಿಯಿತು. ಇಬ್ಬರೂ ಎದ್ದು ಅಪ್ಪಿಕೊಂಡು, ಒಬ್ಬರ ಬಾಯಿಗೊಬ್ಬರು ಪೇಢೆ ಇಟ್ಟರು. ಇಷ್ಟು ಸೌಹಾರ್ದದ ಮಾತುಕತೆಯನ್ನು ನಾನು ಎಲ್ಲೂ ಕಂಡಿಲ್ಲ. ಮದುವೆ ಎರಡು ಊರಲ್ಲಿ, ಹುಡುಗಿಯೂ ಎರಡು ಊರಲ್ಲಿ.

ಚಹಾ ಮಾಡುವ ನೆವದಲ್ಲಿ ಅಡುಗೆಮನೆಗೆ ಓಡಿದೆ. ಹುಡುಗನ ತಾಯಿ ಹಿಂದೆಯೇ ಬಂದು ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರು. "ತಪ್ಪು ತಿಳಿಯಬೇಡಿ. ನಮ್ಮ ಮಾವನವರಿಗೆ ಕಿವಿ ಕೇಳಿಸುವುದಿಲ್ಲ. ಮಷೀನು ಹಾಕಿಕೊಂಡರೆ ಜನಕ್ಕೆ ಗೊತ್ತಾಗುತ್ತೆ ಅಂತಾರೆ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ, ಎರಡನ್ನೂ ಮಾಡಿದೆ. ನಮ್ಮವರ ಕಥೆಯನ್ನೂ ಹೇಳಿದೆ. ಚಹಾ ಕುದಿಯುವಷ್ಟರಲ್ಲಿ ಇಬ್ಬರು ಸೊಸೆಯಂದಿರು ಸೇರಿ ಎಲ್ಲ ಇತ್ಯರ್ಥ ಮಾಡಿದೆವು. ಅಕ್ಷತೆ ಪುಣೆಯಲ್ಲಿ, ನೂರು ಜನಕ್ಕೆ. ಮರುವಾರ ಭೋರಿನಲ್ಲಿ ಪೇಟೆಯೂಟ. ಹುಡುಗಿ ನೌಕರಿ ಬಿಡುವುದಿಲ್ಲ, ಹಬ್ಬಕ್ಕೆ ಭೋರಿಗೆ ಹೋಗುತ್ತಾಳೆ. ಎದೆಯ ಮೇಲಿನ ಕಲ್ಲು ಇಳಿಯಿತು. ಎರಡು ವರ್ಷದಲ್ಲಿ ನಾನು ಕಂಡ ಶೀಘ್ರ ವಿಲೇವಾರಿ ಅದೊಂದೇ.

ಅವರು ಹೊರಟ ಮೇಲೆ ಮಗಳು, ಅಜ್ಜ ಯಾವುದಕ್ಕೆಲ್ಲ ತಲೆ ಆಡಿಸಿದರೆಂದು ಹಾಳೆಯ ತುಂಬ ಬರೆದು ಅವರ ಮುಂದೆ ಹಿಡಿದಳು. ಓದಿ ಗಾಬರಿಯಾಗುತ್ತಾರೆಂದುಕೊಂಡೆ. ಮಾವನವರು ಹಾಯಾಗಿ ಕಾಲು ಚಾಚಿದರು.

"ಅಂವಾ ಏನ ಅಂದ್ರೇನು? ಆ ಮುದುಕಗ ಏನೂ ಕೇಳಿಸೂದಿಲ್ಲ. ಒಂದ ಸಲ ತಲಿ ಆಡಿಸಿದ ಕೂಡ್ಲೆ ಹಿಡದೆ. ಎಂಟು ವರ್ಷದಿಂದ ಅದನ್ನ ಮಾಡ್ಲಿಕ್ಕತ್ತೀನಿ, ನನ್ನ ಕಸಬು ನನಗ ಗೊತ್ತಾಗಂಗಿಲ್ಲೇನು? ಅದಕ್ಕ ನಮ್ಮ ಕೂಸಿಂದು ಮೂರೂ ಮಾತು ಬಿಡದ ಹೇಳಿ ಹೋ ಅನಿಸಿಕೊಂಡೆ!"

ಮಗಳು ಅವರ ಕೊರಳಿಗೆ ಜೋತುಬಿದ್ದಳು. ಅಷ್ಟರಲ್ಲಿ ನನ್ನ ಫೋನಿಗೆ ಹುಡುಗನ ತಾಯಿಯ ಸಂದೇಶ ಬಂತು. ಭೋರಿನ ದಾರಿಯಲ್ಲಿ ಅವರ ಮಾವ ಕಾರಿನಲ್ಲಿ ಕೂತು ನಗುತ್ತಿದ್ದರಂತೆ: "ಪುಣೆಯ ಮುದುಕನಿಗೆ ಏನೇನೂ ಕೇಳಿಸುವುದಿಲ್ಲ. ನೋಡಿದ ಕೂಡಲೇ ಗೊತ್ತಾಯಿತು. ಅದಕ್ಕೇ ಬೇಕಾದದ್ದೆಲ್ಲ ಕೇಳಿಬಿಟ್ಟೆ!"

ಅದನ್ನೂ ಬರೆದು ತೋರಿಸಿದೆ. ಮಾವನವರು ನಕ್ಕ ನಗೆಗೆ ಎಡಗಿವಿಯ ಇಯರ್‌ಬಡ್ಡು ಕಳಚಿ ಚಹಾದ ಕಪ್ಪಿಗೆ ಬಿತ್ತು. ಅದನ್ನು ಎತ್ತಿ, ಧೋತರಕ್ಕೆ ಒರೆಸಿ, ಮತ್ತೆ ಕಿವಿಗಿಟ್ಟುಕೊಂಡು ಹೇಳಿದರು: "ಛಲೋ ಮನಿತನ. ಪರ್ಮಿಷನ್ ಬಂದ ಮ್ಯಾಲೆ ಆ ಬೀಗಗೂ ಒಂದು ಜೋಡಿ ಕೊಡವಾ. ಆದ್ರ ಒಂದ ಮಾತು, ಲಗ್ನ ಆಗೂತನಕಾ ನಮ್ಮಿಬ್ಬರಿಗೂ ಏನೂ ಕೇಳಿಸಬಾರದು ನೋಡು."

ನಾನು ಹಾಳೆ ತಿರುಗಿಸಿ ದೊಡ್ಡ ಅಕ್ಷರದಲ್ಲಿ ಬರೆದೆ: "ನೀವು ಚಿಂತಿ ಮಾಡಬ್ಯಾಡ್ರಿ. ಅದನ್ನ ಶಿವಾಜಿನಗರದವರು ನೋಡ್ಕೋತಾರ."