ಪ್ಲಗ್ ಬೇಡದ ದೀಪ

ಕೆಲವರ ಮನೆ ಹುಡುಕಿಕೊಂಡು ನೆಂಟರು ಬರುತ್ತಾರೆ, ನಮ್ಮ ಮನೆ ಹುಡುಕಿಕೊಂಡು ತಕರಾರು ಬರುತ್ತದೆ. ನಾನು ನನ್ನ ಪಾಡಿಗೆ ಏನಾದರೂ ಮಾಡುತ್ತ ಕೂತರೆ ಸಾಕು, ಬೇಡ ಎನ್ನುವುದಕ್ಕೆ ಯಾರಾದರೊಬ್ಬರು ಬಾಗಿಲಲ್ಲಿ ನಿಂತಿರುತ್ತಾರೆ. ಎಂಬತ್ತರ ದಶಕದ ಕೊನೆಯಲ್ಲಿ, ವಿಲೆ ಪಾರ್ಲೆಯ ನಮ್ಮ ಒಂದು ಹಾಲ್, ಒಂದು ಅಡುಗೆಮನೆಯ ಸಂಸಾರದಲ್ಲಿ, ಮೀನಿನ ತೊಟ್ಟಿಗೆ ನಾನೇ ಒಂದು ದೀಪ ಮಾಡಲು ಹೊರಟೆ. ಆಗ ಹೀಗೆ ಬಂದು ನಿಂತವರ ಸಮಾಚಾರ ಇದು. ನಾನು ಯಾರ ಮಾತನ್ನೂ ಕೇಳಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಬುದ್ಧಿ ಹೇಳುವ ಆಸೆ ಇದ್ದವರು ಇಲ್ಲಿಗೇ ಓದು ನಿಲ್ಲಿಸಬಹುದು.

ಕಚ್ಚುವ ಮೀನು

ತೊಟ್ಟಿ ನನ್ನದು. ಅಂಧೇರಿಯ ಒಂದು ಕಾರ್ಖಾನೆಯಲ್ಲಿ ಮೀಟರುಗಳ ಪ್ಯಾನೆಲ್ಲಿಗೆ ತಂತಿ ಬೆಸುಗೆ ಹಾಕುವುದು ನನ್ನ ಕೆಲಸ. ದಿನವಿಡೀ ಹೊಗೆ ಕುಡಿದು, ಲೋಕಲ್ ರೈಲಿನಲ್ಲಿ ನಿಂತು ಮನೆಗೆ ಬಂದರೆ, ಸುಮ್ಮನೆ ಇರುವ ಜೀವ ಅಂತ ನಮ್ಮ ಮನೆಯಲ್ಲಿ ಇದ್ದದ್ದು ಆ ಮೀನುಗಳು ಮಾತ್ರ. ತೊಟ್ಟಿಯ ಮೇಲೆ ಒಂದು ಪುಟ್ಟ ಟ್ಯೂಬ್‌ಲೈಟ್ ಇತ್ತು. ಅದು ಹತ್ತಿದಾಗ ನೀರೆಲ್ಲ ಬೆಳಗಿ, ಕಿತ್ತಳೆ ಬಣ್ಣದ ಮೀನುಗಳು ಬಾಲ ಬೀಸುತ್ತ ತಿರುಗುವುದನ್ನು ನೋಡಿದರೆ ನನಗೆ ಇನ್ನೊಂದು ಪಾಳಿ ಮಾಡುವಷ್ಟು ಚೈತನ್ಯ ಬರುತ್ತಿತ್ತು.

ನಮ್ಮ ಅತ್ತೆ ಮೈಸೂರಿನ ಕಡೆಯವರು, ಮಡಿವಂತರು. ಸಂಜೆ ಯಾವ ದೀಪ ಹತ್ತಿದರೂ, ಅದು ಬಚ್ಚಲುಮನೆಯ ಬಲ್ಬೇ ಆಗಿರಲಿ, ಎದ್ದು ಕೈ ಮುಗಿಯುವವರು. ಮೀನನ್ನು ಮಾತ್ರ ಮೊದಲು ದೂರವೇ ಇಟ್ಟಿದ್ದರು. ಆಮೇಲೆ ಮತ್ಸ್ಯಾವತಾರ ಜ್ಞಾಪಕ ಬಂದು, ತಾವೇ ಎರಡು ಹೊತ್ತು ಊಟ ಹಾಕತೊಡಗಿದರು. ಒಂದು ದಿನ ಒದ್ದೆ ಕೈಯಲ್ಲಿ ಟ್ಯೂಬ್‌ಲೈಟಿನ ತಗಡನ್ನು ಹಿಡಿದು ಎತ್ತಿದ್ದಾರೆ. ಕಿಟಾರನೆ ಕಿರುಚಿ, ಕೈ ಕೊಡವಿಕೊಂಡು ಮಂಚದ ಮೇಲೆ ಕೂತರು.

"ಶಾಕ್ ಹೊಡೀತಾ ಅತ್ತೆ?" ಅಂತ ನಾನು ಓಡಿ ಬಂದೆ.

"ಶಾಕೂ ಇಲ್ಲ ಗೀಕೂ ಇಲ್ಲ ಕಣೇ. ಆ ದಪ್ಪದ್ದು ಕಚ್ಚಿತು!"

ಎಷ್ಟು ಹೇಳಿದರೂ ಒಪ್ಪಲಿಲ್ಲ. ಮನೆಗೆ ಬಂದವರಿಗೆಲ್ಲ ಬೆರಳು ತೋರಿಸಿ, ಯಾವ ಮೀನು ಎಂದು ಗುರುತು ಹೇಳಿ ಎಚ್ಚರಿಸುತ್ತಿದ್ದರು. ಇವರು, ಅಂದರೆ ನನ್ನ ಯಜಮಾನರು, ಮಾತ್ರ ಸಂದರ್ಭ ಬಿಡಲಿಲ್ಲ. ಟ್ಯೂಬ್‌ಲೈಟ್ ಕಿತ್ತರು. ಮರುವಾರವೇ ಕಲರ್ ಟಿವಿ ತಂದು, ಹಾಲಿನಲ್ಲಿದ್ದ ಒಂದೇ ಒಂದು ಪ್ಲಗ್ಗಿಗೆ ಸಿಕ್ಕಿಸಿದರು.

"ದೀಪ ಇಲ್ಲದ ತೊಟ್ಟಿ ಯಾಕೆ? ಕೆಳಗಿನ ಹೋಟೆಲಿನವರು ಕೇಳ್ತಿದ್ದಾರೆ, ಕೊಟ್ಟುಬಿಡೋಣ. ಆ ಜಾಗಕ್ಕೆ ಟಿವಿ ಸ್ಟ್ಯಾಂಡ್ ಬರುತ್ತೆ" ಅಂದರು.

ನನಗೆ ಮೈಯೆಲ್ಲ ಉರಿಯಿತು. "ಪ್ಲಗ್ ತಾನೆ? ನೀವೇ ಇಟ್ಕೊಳ್ಳಿ. ಪ್ಲಗ್ ಮುಟ್ಟದೆ ದೀಪ ಹಚ್ಚಿದರೆ ತೊಟ್ಟಿ ಇಲ್ಲೇ ಇರುತ್ತಾ?"

"ಹಚ್ಚು ನೋಡೋಣ. ಗಣಪತಿ ಹಬ್ಬದೊಳಗೆ ಹಚ್ಚು. ಇಲ್ಲದಿದ್ದರೆ ತೊಟ್ಟಿ ಕೆಳಗಿಳಿಯುತ್ತೆ."

ಅತ್ತೆ ನಡುವೆ ಬಾಯಿ ಹಾಕಿದರು. "ಇಳಿಸುವಾಗ ಹುಷಾರು ಕಣೋ, ಆ ದಪ್ಪದ್ದರ ಕಡೆ ಕೈ ಹಾಕಬೇಡ."

ಮುಂದಿನ ವಾರ

ಪ್ಯಾನೆಲ್ಲುಗಳ ಮೇಲೆ ಮಿಣಮಿಣ ಅನ್ನುತ್ತದಲ್ಲ, ತೊಗರಿಕಾಳಿನಷ್ಟು ದೀಪ, ಎಲ್‌ಇಡಿ, ಅದನ್ನು ನಾನು ದಿನಾ ಕೈಯಲ್ಲಿ ಹಿಡಿಯುವವಳು. ಬಿಸಿಯಾಗದು, ಶಾಕ್ ಹೊಡೆಯದು, ಬ್ಯಾಟರಿಯಲ್ಲಿ ಉರಿಯುತ್ತದೆ. ಒಂದು ಕಾಳು ಬೆಳಗದಿದ್ದರೆ ಒಂದು ಹಿಡಿ ಬೆಳಗುವುದಿಲ್ಲವೆ? ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರ ರೇಡಿಯೋ ಸಾಮಾನಿನ ಅಂಗಡಿಗಳ ಸಾಲಿದೆ. ಅಲ್ಲಿಗೆ ಹೋದೆ.

"ಬಿಳಿ ಇದೆಯಾ?" ಅಂತ ಹಿಂದಿಯಲ್ಲಿ ಕೇಳಿದೆ. ಅಂಗಡಿಯವನು ಕೆಂಪು, ಹಸಿರು, ಹಳದಿ ತೋರಿಸಿದ. ಕೆಂಪೇ ಎಲ್ಲಕ್ಕಿಂತ ಚುರುಕಾಗಿ ಉರಿಯುತ್ತಿತ್ತು.

"ಹೋಗಲಿ, ನೀಲಿ?"

ಅವನು ಒಂದು ಕ್ಷಣವೂ ಯೋಚಿಸಲಿಲ್ಲ. "ಅಗಲೇ ಹಫ್ತೇ ಆಯೇಗಾ, ಬೆಹೆನ್‌ಜೀ."

ಕೆಂಪನ್ನೇ ತಂದೆ. ಆದರೆ ಮುಂದಿನ ವಾರ ಬರುತ್ತೆ ಎಂದಮೇಲೆ ಬಿಡಲಾಗುತ್ತದೆಯೇ? ಮುಂದಿನ ವಾರ ಹೋದೆ. "ಅಗಲೇ ಹಫ್ತೇ." ಅದರ ಮುಂದಿನ ವಾರವೂ ಹೋದೆ. ಅವನ ಮುಖದಲ್ಲಿ ಅದೇ ನಂಬಿಕೆ. ನೀಲಿಯಲ್ಲಿ ಸರಿಯಾಗಿ ಬೆಳಗುವ ಎಲ್‌ಇಡಿಯನ್ನು ಆಗ ಪ್ರಪಂಚದಲ್ಲಿ ಯಾರೂ ಮಾಡಿರಲೇ ಇಲ್ಲ ಅಂತ ನನಗೆ ಬಹಳ ಕಾಲದ ಮೇಲೆ ಗೊತ್ತಾಯಿತು. ಆದರೂ ಅವನನ್ನು ಸುಳ್ಳ ಅನ್ನಲಾರೆ. ಕೊನೆಗೆ ನೀಲಿ ಬಂತಲ್ಲ! ವಾರ ಸ್ವಲ್ಪ ಉದ್ದವಾಯಿತು, ಅಷ್ಟೇ.

ಜೈನ್ ಸಾಂಬಾರ್

ದೀಪಗಳನ್ನು ಕೂಡಿಸಲು ಒಂದು ತಗಡು ಬೇಕಿತ್ತು. ಕೆಳಗಿನ ಹೋಟೆಲಿನ ಯಜಮಾನರು ಉಡುಪಿ ಕಡೆಯವರು. ಎಣ್ಣೆ ಡಬ್ಬ ಕೇಳಲು ಹೋದರೆ, ಅವರು ಆಗಲೇ ಗಲ್ಲಾದ ಪಕ್ಕ ನನ್ನ ತೊಟ್ಟಿಗೆ ಜಾಗ ಮಾಡಿ, ಗೋಡೆಗೆ ಬಣ್ಣ ಹೊಡೆಸಿ, ಅಭ್ಯಾಸಕ್ಕೆ ಅಂತ ಗಾಜಿನ ಭರಣಿಯಲ್ಲಿ ನಾಲ್ಕು ಮೀನು ಬಿಟ್ಟುಕೊಂಡು ಕೂತಿದ್ದಾರೆ!

"ಹಬ್ಬಕ್ಕೆ ತೊಟ್ಟಿ ಬರ್ತದೆ ಅಂತ ನಿಮ್ಮ ಯಜಮಾನ್ರು ಹೇಳಿದ್ದಾರೆ ಮಾರಾಯ್ರೆ" ಅಂದರು.

"ಬರಲ್ಲ" ಅಂದೆ. "ಡಬ್ಬ ಕೊಡಿ."

ಅಷ್ಟರಲ್ಲಿ ಒಬ್ಬ ಸೇಟ್ ಒಳಗೆ ಬಂದರು. ಭರಣಿ ನೋಡಿ ಅಲ್ಲೇ ನಿಂತರು. ಹೊರಗೆ ದೊಡ್ಡದಾಗಿ ಪ್ಯೂರ್ ವೆಜ್ ಅಂತ ಬೋರ್ಡಿದೆ, ಒಳಗೆ ಮೀನು. "ಇದೇನಿದು?" ಅಂತ ಗದರಿದರು.

ಹೋಟೆಲಿನ ಯಜಮಾನರು ಅಲುಗಲಿಲ್ಲ. "ಸೇಟ್, ಇವೂ ಪ್ಯೂರ್ ವೆಜ್ಜೇ. ನಮ್ಮ ಇಡ್ಲಿ ಬಿಟ್ಟು ಬೇರೆ ಏನೂ ತಿನ್ನೋದಿಲ್ಲ."

ಸೇಟ್ ಜೈನರು, ಈರುಳ್ಳಿ ಬೆಳ್ಳುಳ್ಳಿ ಮುಟ್ಟದವರು. ಸುಲಭಕ್ಕೆ ಬಿಡುವವರಲ್ಲ. "ಇಡ್ಲಿ ಸಾಂಬಾರ್ ಜೊತೆಗೋ? ನಿಮ್ಮ ಸಾಂಬಾರಿನಲ್ಲಿ ಈರುಳ್ಳಿ ಇರುತ್ತಲ್ಲ?"

"ಛೆ ಛೆ! ಇವಕ್ಕೆ ಬೇರೆ ಉಂಟು, ಜೈನ್ ಸಾಂಬಾರ್."

ಸೇಟ್ ಭರಣಿಯ ಪಕ್ಕದ ಮೇಜಿಗೇ ಬಂದು ಕೂತು, ಮೀನಿಗೆ ಹಾಕಿದ್ದನ್ನೇ ತಮಗೂ ತರಬೇಕು ಎಂದರು.

ರಕ್ತ ಕಡಿಮೆ

ಡಬ್ಬದ ತಗಡನ್ನು ಬಗ್ಗಿಸಿ, ಮೊಳೆಯಲ್ಲಿ ಸಾಲುಸಾಲು ತೂತು ಹೊಡೆದು, ಪ್ರತಿ ತೂತಿಗೂ ಒಂದು ಕಾಳು ಕೂರಿಸಿ ಬೆಸುಗೆ ಹಾಕಿದೆ. ಗಲ್ಲಿಯ ಗ್ಯಾರೇಜಿನವನು ಹಳೆಯ ಮೋಟಾರ್‌ಸೈಕಲ್ ಬ್ಯಾಟರಿಯೊಂದನ್ನು ಚಾರ್ಜ್ ಮಾಡಿಕೊಟ್ಟ. ಅದನ್ನು ಹೊತ್ತು ಮಹಡಿ ಹತ್ತುವಾಗ ಎದುರಾದವರೆಲ್ಲ "ಗಾಡಿ ತಗೊಂಡ್ರಾ?" ಅಂತ ಕೇಳಿದರು. "ಮೀನಿಗೆ" ಅಂದೆ.

ಹಚ್ಚುವ ಹೊತ್ತಿಗೆ ಇವರು ನನ್ನನ್ನು ಪಕ್ಕಕ್ಕೆ ಸರಿಸಿ, ತಂತಿ ತಾವೇ ಸಿಕ್ಕಿಸಿದರು. ಹತ್ತಲಿಲ್ಲ. "ಸತ್ತು ಹೋಗಿದೆ" ಅಂದರು, ಬಹಳ ಸಂತೋಷದಿಂದ.

"ಸತ್ತಿಲ್ಲ. ಅದು ಬಲ್ಬಲ್ಲ. ಒಂದು ಕಡೆಯಿಂದ ಮಾತಾಡಿಸಿದರೆ ಮಾತ್ರ ಉತ್ತರ ಕೊಡುತ್ತೆ, ನನ್ನ ಹಾಗೆ" ಅಂತ ತಂತಿಗಳನ್ನು ಅದಲುಬದಲು ಮಾಡಿದೆ. ಭಗ್ ಅಂತ ತೊಟ್ಟಿ ಕೆಂಪಾಯಿತು. ನನ್ನ ಕಣ್ಣಲ್ಲಿ ನೀರೇ ಬಂತು.

ಆದರೆ ಕೆಂಪು ಬೆಳಕಿನಲ್ಲಿ ಕಿತ್ತಳೆ ಬಣ್ಣ ಕಾಣುವುದಿಲ್ಲ. ಮೀನುಗಳೆಲ್ಲ ಬೆಳ್ಳಗೆ, ನೀರಿನ ಗಿಡಗಳೆಲ್ಲ ಕಪ್ಪಗೆ ಕಂಡವು. ಅತ್ತೆ ಕೈ ಮುಗಿಯಲು ಎದ್ದವರು ಹಾಗೇ ನಿಂತರು. "ಅಯ್ಯೋ, ಹೇಗೆ ಬಿಳಿಚಿಕೊಂಡಿವೆ ನೋಡೇ! ರಕ್ತ ಕಡಿಮೆ ಆಗಿದೆ. ಬೀಟ್‌ರೂಟ್ ತುರಿದು ಹಾಕು."

ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದು ದೀಪವಲ್ಲ, ಸಿಗ್ನಲ್. ಇದನ್ನು ಕಂಡು ಚರ್ಚ್‌ಗೇಟ್ ಲೋಕಲ್ ನಿಂತೀತು!"

"ಪ್ಲಗ್ ಮುಟ್ಟದೆ ಹಚ್ಚಿದ್ದೀನಿ. ಮಾತು ಮಾತೇ."

"ದೀಪ ಹಚ್ಚು ಅಂದಿದ್ದೆ. ಇದನ್ನ ದೀಪ ಅಂತ ನಾಲ್ಕು ಜನ ಒಪ್ಪಲಿ, ಆಮೇಲೆ ಮಾತು."

ನಾನು ಸೋಲೊಪ್ಪಲಿಲ್ಲ. ಅತ್ತೆ ಬೀಟ್‌ರೂಟ್ ಬಿಡಲಿಲ್ಲ. ಮರುದಿನ ನೀರೂ ಕೆಂಪಾಗಿತ್ತು.

ಡಾಕ್ಟರ್ ಇದ್ದಾರೆಯೇ

ನಮ್ಮ ಸೊಸೈಟಿಯ ಸೆಕ್ರೆಟರಿ ಹುಬ್ಬಳ್ಳಿ ಕಡೆಯವರು, ಬಿಲ್ಡಿಂಗಿನ ಮಾನ ತಮ್ಮೊಬ್ಬರ ಹೆಗಲ ಮೇಲಿದೆ ಎಂದು ತಿಳಿದವರು. ಒಂದು ಸಂಜೆ ಬಂದು, ಕೂತುಕೊಳ್ಳದೆ, ಕರವಸ್ತ್ರದಲ್ಲಿ ಮುಖ ಒರೆಸಿಕೊಳ್ಳತೊಡಗಿದರು.

"ಹಂಗಲ್ರೀ ಅಕ್ಕಾರ... ಆ ಕೆಂಪ ಲೈಟು... ಕಿಡಕ್ಯಾಗಿಂದ ರಸ್ತಾಕ್ಕ ಕಾಣಸ್ತದ."

"ಕಾಣಲಿ. ನೋಡಲಿ ಅಂತಾನೇ ಮಾಡಿದ್ದು."

"ಅಲ್ರೀ... ಮಂದಿ ಏನರ ತಿಳಕೊಂಡಾರು."

ಅವರು ಏನು ಹೇಳಲಾರದೆ ಒದ್ದಾಡುತ್ತಿದ್ದಾರೆ ಎಂದು ನನಗೆ ಚೆನ್ನಾಗಿ ಗೊತ್ತಾಯಿತು. ಗೊತ್ತಾದದ್ದರಿಂದಲೇ ಬಿಡಲಿಲ್ಲ. "ಏನಂತ ತಿಳ್ಕೋತಾರೆ?"

ಅವರು ಕಿಟಕಿ ನೋಡಿದರು, ಫ್ಯಾನ್ ನೋಡಿದರು. ಅಷ್ಟರಲ್ಲಿ ಅತ್ತೆ, ಪಾಪ, ಏನೂ ತಿಳಿಯದೆ, ಮಣೆ ಎಳೆದುಕೊಂಡು ಅವರೆದುರೇ ಕೂತರು. "ಹೇಳಪ್ಪಾ, ಕೆಂಪು ದೀಪ ಇದ್ದರೆ ಏನಂತ ತಿಳ್ಕೋತಾರೆ? ನನಗೂ ಹೇಳು."

ಸೆಕ್ರೆಟರಿಯ ಕಿವಿ ನನ್ನ ದೀಪಕ್ಕಿಂತ ಕೆಂಪಾಯಿತು. "ದ... ದವಾಖಾನಿ ಅಂತ ತಿಳಕೋತಾರ್ರೀ ಅಮ್ಮಾರ."

"ಒಳ್ಳೇದೇ ಆಯ್ತಲ್ಲ!" ಅಂದರು ಅತ್ತೆ.

"ನಿಮ್ಮ ದೇವರ ಮನೆಯಲ್ಲೂ ಕೆಂಪು ಜೀರೋ ಬಲ್ಬ್ ಉರಿಯುತ್ತೆ, ಅದು ಯಾವ ದವಾಖಾನೆ?" ಅಂತ ನಾನು ಕೇಳಿದೆ. ಅವರು ಮೀಟಿಂಗಿನಲ್ಲಿ ವಿಷಯ ಇಡುತ್ತೇನೆ, ತೊಟ್ಟಿ ತೆಗೆಸುತ್ತೇನೆ ಅಂದರು. "ಇಡಿ. ಕಾರಣ ಮಾತ್ರ ಎಲ್ಲರೆದುರಿಗೆ ಬಿಡಿಸಿ ಹೇಳಬೇಕು" ಅಂದೆ. ಅವರು ಕರವಸ್ತ್ರ ಜೇಬಿಗೆ ತುರುಕಿಕೊಂಡು ಇಳಿದು ಹೋದರು. ಆದರೆ ದವಾಖಾನೆಯ ಮಾತನ್ನು ಕೆಳಗೆ ನಾಲ್ಕಾರು ಕಡೆ ಹೇಳಿರಬೇಕು. ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಎದುರು ಬಿಲ್ಡಿಂಗಿನ ಅಜ್ಜ ಕೆಮ್ಮುತ್ತ ನಿಂತಿದ್ದಾರೆ, ಡಾಕ್ಟರು ಎಷ್ಟು ಗಂಟೆಗೆ ಬರುತ್ತಾರೆ ಅಂತ ಮರಾಠಿಯಲ್ಲಿ ಕೇಳುತ್ತಿದ್ದಾರೆ.

ನಾಲ್ಕು ಜನ

ಹಬ್ಬಕ್ಕೆ ಮುಂಚಿನ ಭಾನುವಾರ ಬಂತು, ನನ್ನ ಕೆಂಪನ್ನು ದೀಪ ಎಂದು ಒಪ್ಪಿದವರು ಇನ್ನೂ ಒಬ್ಬರೂ ಇರಲಿಲ್ಲ. ಮರುದಿನ ಬೆಳಿಗ್ಗೆ ತೊಟ್ಟಿ ಇಳಿಸಲು ಹೋಟೆಲಿನ ಯಜಮಾನರು ಮಧ್ಯಾಹ್ನವೇ ಇಬ್ಬರು ಆಳುಗಳಿಗೆ ಹೇಳಿಟ್ಟಿದ್ದರು. ಸಂಜೆ ಟಿವಿಯಲ್ಲಿ ಸಿನಿಮಾ. ನಮ್ಮದು ಕಲರ್ ಟಿವಿ, ಆದ್ದರಿಂದ ಅರ್ಧ ಬಿಲ್ಡಿಂಗು ನಮ್ಮ ಹಾಲಿನಲ್ಲಿ. ಮುಂದಿನ ಕುರ್ಚಿಯಲ್ಲಿ ಸೆಕ್ರೆಟರಿ, ಪಕ್ಕದಲ್ಲಿ ಹೋಟೆಲಿನವರು, ನೆಲದ ಮೇಲೆ ಹೆಂಗಸರು ಮಕ್ಕಳು. ಇವರು ಟಿವಿಯ ಹತ್ತಿರ ದೇವಸ್ಥಾನದ ಧರ್ಮದರ್ಶಿಯಂತೆ ನಿಂತಿದ್ದರು. ನಾನು ದೀಪ ಆರಿಸಿ, ತೊಟ್ಟಿಯ ಪಕ್ಕ ಮುಖ ಊದಿಸಿಕೊಂಡು ಕೂತಿದ್ದೆ. ನಾಳೆಯಿಂದ ಈ ಮೂಲೆಯಲ್ಲಿ ನೋಡಲು ಏನೂ ಇರುವುದಿಲ್ಲ.

ಹೊರಗೆ ಮಳೆ ಕವುಚಿ ಹೊಯ್ಯುತ್ತಿತ್ತು. ನಾಯಕ ಇನ್ನೇನು ಖಳನಾಯಕನ ಮೇಲೆ ಕೈ ಎತ್ತಬೇಕು, ಕೆಳಗಿನ ಮೀಟರ್ ಪೆಟ್ಟಿಗೆಯಿಂದ ಢಬ್ ಎಂದು ಸದ್ದಾಯಿತು. ಟಿವಿ, ಫ್ಯಾನು, ಇಡೀ ಬಿಲ್ಡಿಂಗು ಆರಿಹೋಯಿತು. ಮೋಡ ಕವಿದು ಮನೆಯೊಳಗೆ ಗವ್ವೆನ್ನುವ ಕತ್ತಲೆ. ಮಕ್ಕಳು ಅಳತೊಡಗಿದವು. ಯಾರೋ ಯಾರದೋ ಕಾಲು ತುಳಿದರು. ಇವರು ಬೆಂಕಿಪೊಟ್ಟಣ ಹುಡುಕುತ್ತ ಏನನ್ನೋ ಬೀಳಿಸಿದರು.

ನನಗೆ ಬೆಂಕಿಪೊಟ್ಟಣ ಬೇಕಾಗಿರಲಿಲ್ಲ. ಕತ್ತಲೆಯಲ್ಲೇ ತಡವಿ ತಂತಿ ಸಿಕ್ಕಿಸಿದೆ.

ತೊಟ್ಟಿ ಬೆಳಗಿತು. ಕೆಂಪು ಬೆಳಕು ಗೋಡೆಯ ಮೇಲೆ, ಜನರ ಮುಖದ ಮೇಲೆ ಹರಡಿತು. ಮೀನುಗಳು ನಿಧಾನವಾಗಿ ತಿರುಗಿದವು. ಅತ್ತೆ ಎಂದಿನಂತೆ ಎದ್ದು ಕೈ ಮುಗಿದರು. ಸಂಜೆಯ ಕತ್ತಲೆಯಲ್ಲಿ ದೀಪ ಹತ್ತಿದರೆ ಕೈ ತಾನಾಗಿಯೇ ಜೋಡಿಯಾಗುತ್ತದೆ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಹೆಂಗಸರು ಮುಗಿದರು. ಹೋಟೆಲಿನವರು ಕಣ್ಣು ಮುಚ್ಚಿ ಮುಗಿದರು. ಎಲ್ಲರಿಗಿಂತ ಜೋರಾಗಿ, "ಶುಭಂ ಕರೋತಿ ಕಲ್ಯಾಣಂ" ಅಂತ ಬಾಯಿಬಿಟ್ಟು ಹೇಳುತ್ತ ಮುಗಿದವರು ಸೆಕ್ರೆಟರಿ.

ನಾನು ತಿರುಗಿ ನೋಡಿದೆ. ಟಿವಿಯ ಪಕ್ಕ, ಒಂದು ಕೈಯಲ್ಲಿ ಖಾಲಿ ಬೆಂಕಿಪೊಟ್ಟಣ ಹಿಡಿದುಕೊಂಡೇ, ಇವರೂ ಎದೆಯ ಮುಂದೆ ಕೈ ಜೋಡಿಸಿದ್ದರು.

"ರೀ, ನಾಲ್ಕು ಜನ ಆದರೋ ಇಲ್ಲವೋ, ಎಣಿಸಿ ನೋಡಿ" ಅಂದೆ.

ಇವರು ಕೈ ಇಳಿಸಲು ಹೋದರು, ಅಷ್ಟು ಜನ ನೋಡುತ್ತಿದ್ದರಲ್ಲ, ಇಳಿಸಲಾಗಲಿಲ್ಲ. "ಆಯ್ತು ಮಾರಾಯ್ತಿ, ದೀಪ! ದೀಪವೇ! ತೊಟ್ಟಿ ಇಲ್ಲೇ ಇರಲಿ" ಅಂದರು. ಹೋಟೆಲಿನವರು ನಿಟ್ಟುಸಿರು ಬಿಟ್ಟು, "ಹಾಗಾದ್ರೆ ನನಗೂ ಇಂಥದ್ದೊಂದು ಮಾಡಿಕೊಡಿ ಅಮ್ಮ, ಗೋಡೆಗೆ ಬಣ್ಣ ಹೊಡೆಸಿ ಆಗಿದೆ" ಅಂದರು.

ಸೆಕ್ರೆಟರಿಗೆ ಮಾತ್ರ ಭಕ್ತಿ ಇನ್ನೂ ಇಳಿದಿರಲಿಲ್ಲ. ಕೈ ಮುಗಿದುಕೊಂಡೇ ಎದ್ದು, ಗಾಜಿಗೆ ಹಣೆ ತಾಗುವಷ್ಟು ಹತ್ತಿರ ಬಾಗಿದರು. ಅತ್ತೆ ಹಿಂದಿನಿಂದ ಅವರ ಅಂಗಿ ಹಿಡಿದು ಎಳೆದರು.

"ದೂರದಿಂದಲೇ ಮುಗಿಯಪ್ಪಾ. ಆ ದಪ್ಪದ್ದು ಕಚ್ಚುತ್ತೆ."