ಬೆಳಕು ಬಿದ್ದರೆ ಏಳುವವರು

ಆಗ ನನಗೆ ಐವತ್ತೆಂಟು. ಅದಾಗಿ ಈಗ ಹದಿಮೂರು ವರ್ಷ. ಮಾತು ಮುಚ್ಚಿಟ್ಟು ಆಡುವುದು ನನಗೆ ಮೊದಲಿನಿಂದಲೂ ಬಂದಿಲ್ಲ. ನನ್ನ ಗಂಡ ಸತ್ತಾಗ ಅಳಲು ಬಂದವರನ್ನು, "ಬದುಕಿದ್ದಾಗ ಒಮ್ಮೆ ಹೊಸ್ತಿಲಾ ತುಳೀಲಿಲ್ಲ, ಈಗ್ಯಾಕ ಬಂದ್ರಿ?" ಎಂದು ಕೇಳಿದವಳು ನಾನು. ಅಕ್ಷರ ಕಲಿತದ್ದು ಮೊಮ್ಮಗಳ ಪಾಟಿಯ ಮೇಲೆ. ಸುತ್ತಿ ಬಳಸಿ ಬರೆಯುವಷ್ಟು ಕಲಿಯುವ ಮೊದಲೇ ಪಾಟಿ ಒಡೆಯಿತು. ಇಂಥ ನಾನು ಇಡೀ ಜನ್ಮದಲ್ಲಿ ಒಂದೇ ಒಂದು ಸಲ ಮರ್ಯಾದಸ್ಥ ಹೆಂಗಸಿನ ಹಾಗೆ ಮಾತಾಡಿದೆ. ಆ ಒಂದು ಮಾತು ಊರ ಹೆಂಗಸರೆಲ್ಲರ ಜಾಗ ತಿಂದಿತು.

ಯಾವ ಜಾಗ ಎಂದರೆ, ಬೆಳಗಿನ ಜಾವ ನೀರಿನ ಚರಿಗೆ ಹಿಡಿದು ಹೋಗುವ ಜಾಗ. ಓದುವವರು ಮೂಗು ಮುಚ್ಚಿಕೊಳ್ಳಬೇಕಿಲ್ಲ. ಹೋಗದವರು ಯಾರೂ ಇಲ್ಲ, ಎಲ್ಲಿಗೆ ಎನ್ನುವುದಷ್ಟೇ ಬೇರೆ. ನಮ್ಮ ಹಳೆಯ ಊರು ಗಲಗಲಿಯ ಆಚೆ ಹೊಳೆಯ ದಂಡೆಗಿತ್ತು. ಅಲ್ಲಿ ಹುಣಸೆ ಮರಗಳ ಹಿಂದೆ ದೊಡ್ಡದೊಂದು ತಗ್ಗು, ಊರ ಹೆಂಗಸರಿಗೆಲ್ಲ ಸಾಲುವಷ್ಟು ಮರೆ. ಆಣೆಕಟ್ಟಿನ ಹಿನ್ನೀರು ಊರನ್ನು ನುಂಗುವ ಮೊದಲು ಬಂದವರು ಮನೆ, ಹೊಲ, ಬಾವಿ, ಗಿಡ ಎಲ್ಲವನ್ನೂ ಬರೆದುಕೊಂಡು ಹೋದರು. ಆ ತಗ್ಗನ್ನು ಯಾರೂ ಬರೆದುಕೊಳ್ಳಲಿಲ್ಲ. ನಾವೂ ಹೇಳಲಿಲ್ಲ. ಆಮೇಲೆ ನಮ್ಮನ್ನು ತಂದು ಕೂರಿಸಿದ ಹೊಸ ಊರು ಬೋಳು ದಿನ್ನೆ. ಗೆರೆ ಹೊಡೆದಂಥ ಓಣಿಗಳು. ಈ ತುದಿಯಲ್ಲಿ ನಿಂತರೆ ಆ ತುದಿಯ ಕೋಳಿ ಕಾಣಬೇಕು. ಮನೆಗೊಂದು ಪಾಯಖಾನೆ ಇತ್ತು, ನಿಜ. ಆದರೆ ನೀರು ಬರುತ್ತಿದ್ದದ್ದು ಟ್ಯಾಂಕರಿನಲ್ಲಿ. ಕುಡಿಯಲು ಸಾಲದ ನೀರನ್ನು ಅಲ್ಲಿಗೆ ಯಾರು ಸುರಿಯುತ್ತಾರೆ? ಎಲ್ಲರೂ ಅದರಲ್ಲಿ ಒಲೆಗೆ ಬೇಕಾದ ಸಗಣಿಯ ಕುಳ್ಳು ಒಟ್ಟಿದರು. ನನ್ನದರಲ್ಲಿ ಕೋಳಿ ಮರಿ ಮಾಡಿತು, ಹಾಗಾಗಿ ಈ ವಿಷಯದಲ್ಲಿ ನಾನು ಭಾಷಣ ಮಾಡುವಂತಿಲ್ಲ. ಊರ ಹಿಂದೆ ಉಳಿದದ್ದು ಜಾಲಿಯ ಒಂದೇ ಒಂದು ಪೊದೆ. ಪಕ್ಕದ ಮನೆಯ ಕಾಶವ್ವನಿಗೆ ಮೊಣಕಾಲು ಹೋಗಿದ್ದವು. ನನ್ನ ತೋಳು ಹಿಡಿದು ಅಲ್ಲಿಯವರೆಗೆ ಬರುತ್ತಿದ್ದಳು. ಇನ್ನು ಹತ್ತು ಹೆಜ್ಜೆ ಎಂದರೆ ಅವಳ ಕೈಲಾಗುತ್ತಿರಲಿಲ್ಲ.

ಬಯಲಿಗೆ ಹೋಗುವ ಹೆಂಗಸರಿಗೆ ಒಂದೇ ಶಾಸ್ತ್ರ: ಬೆಳಕು ಬಿದ್ದರೆ ಏಳಬೇಕು. ರಸ್ತೆಯಲ್ಲಿ ಗಾಡಿ ಬಂತೋ, ಕೂತವಳು ಸೀರೆ ಇಳಿಬಿಟ್ಟು ನಿಲ್ಲಬೇಕು. ಗಾಡಿ ದಾಟಿದ ಮೇಲೆ ಮತ್ತೆ ಕೂಡಬೇಕು. ಕಬ್ಬು ಕಡಿಯುವ ಕಾಲದಲ್ಲಿ ಸಮೀರವಾಡಿಯ ಸಕ್ಕರೆ ಕಾರಖಾನೆಯ ಕಡೆಗೆ ಹೋಗುವ ಟ್ರ್ಯಾಕ್ಟರುಗಳ ಸಾಲು ಹತ್ತಿದರೆ ಇಪ್ಪತ್ತು ಸಲ ಎದ್ದು ಕೂತದ್ದುಂಟು. ಕಾಶವ್ವನ ಮೊಣಕಾಲು ಹೋದದ್ದು ಮುಪ್ಪಿನಿಂದ ಎಂದು ಡಾಕ್ಟರು ಹೇಳಿದರು. ನಾನು ಒಪ್ಪುವುದಿಲ್ಲ.

ನಾನು ಹೇಳಹೊರಟ ಆ ದಿನ ಬೆಳಗಿನ ಜಾವ ರಸ್ತೆಯಲ್ಲಿ ಒಂದು ಗಾಡಿಯೂ ಇರಲಿಲ್ಲ. ಏಳೆಂಟು ಜನ ಕೂತಿದ್ದೆವು. ಇದ್ದಕ್ಕಿದ್ದಂತೆ ನನಗೆ ಕಾಶವ್ವನ ಮುಖ ಕಂಡಿತು. ಆ ಹೊತ್ತಿನಲ್ಲಿ ಯಾರ ಮುಖವೂ ಕಾಣಬಾರದು. ತಲೆಯೆತ್ತಿದರೆ ಪೊದೆಯ ನೆತ್ತಿಗೆ ಸರಿಯಾಗಿ, ಆಕಾಶದಲ್ಲಿ ಬೆಳಕು. ಮೊರದಷ್ಟು ಅಗಲ, ಗಂಜಿಯ ಬಣ್ಣ, ಸಪ್ಪಳವಿಲ್ಲ. ರೂಢಿಯಂತೆ ಎಲ್ಲರೂ ಎದ್ದು ನಿಂತೆವು. ಎಲೆಗೆ ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತು ಅದೂ ನಿಂತಿತು, ನಾವೂ ನಿಂತೆವು. ಆಮೇಲೆ ಹಿಗ್ಗಿ, ತೆಳ್ಳಗಾಗಿ, ಆರಿತು.

"ಇದು ಯಾವ ಗಾಡೀದಬೇ?" ಎಂದಳು ಕಾಶವ್ವ.

"ಗಾಡೀದಲ್ಲ. ಮ್ಯಾಲಿಂದು."

"ಇನ್ನ ಮ್ಯಾಲಿಂದನೂ ಶುರು ಮಾಡಿದ್ರೇನು, ಭಾಡ್ಯಾಗೋಳು!"

ಅದು ಏನು ಎಂಬುದು ಇವತ್ತಿಗೂ ಗೊತ್ತಿಲ್ಲ. ಸಾಲೆಯ ಮಾಸ್ತರರು ಉಪಗ್ರಹ ಎಂದರು. ಟ್ರ್ಯಾಕ್ಟರಿನವನು ಕಾರಖಾನೆಯ ದೀಪ ಮೋಡಕ್ಕೆ ಬಡಿದಿರಬೇಕು ಎಂದ. ಅಂದು ಮೋಡವೇ ಇರಲಿಲ್ಲ. ಆದರೆ ಅನುಮಾನವೇ ಇಲ್ಲದವನು ಒಬ್ಬನಿದ್ದ, ನನ್ನ ಗಂಡನ ತಮ್ಮ ಶಿವಪ್ಪ. ಹಳೆಯ ಊರಿನ ದೇವಿಯನ್ನು ಗೋಣಿಯಲ್ಲಿ ಸುತ್ತಿ ತಂದು ಸಾಲೆಯ ಖೋಲಿಯಲ್ಲಿಟ್ಟು ಮೂರು ವರ್ಷವಾಗಿತ್ತು. ಗುಡಿ ಎಲ್ಲಿ ಕಟ್ಟಬೇಕು ಎಂಬುದು ಹಿರಿಯರಲ್ಲಿ ಬಗೆಹರಿದಿರಲಿಲ್ಲ. ಒಬ್ಬೊಬ್ಬನಿಗೂ ತನ್ನ ಮನೆಯ ಮುಂದೆಯೇ ಬೇಕು. ಆ ಹಿರಿಯರಿಗೆಲ್ಲ ಶಿವಪ್ಪ ಮುಂದಾಳು. ಸಂಜೆ ನನ್ನನ್ನು ಊರ ಕಟ್ಟೆಗೆ ಕರೆಸಿದ. ಕಾಶವ್ವನೂ ಜೊತೆಗೆ ಬಂದಳು.

"ವೈನಿ, ಬೆಳಕು ಎಲ್ಲಿ ನಿಂತಿತ್ತರೀ?"

"ಜಾಲಿ ಪೊದಿ ನೆತ್ತಿ ಮ್ಯಾಲ."

"ಆಗ ನೀವೆಲ್ಲಾ ಏನ ಮಾಡಾಕತ್ತಿದ್ರಿ?"

ಇಪ್ಪತ್ತು ಗಂಡಸರು ಕೂತಿದ್ದರು. ಅವರ ಹೆಂಡಿರೂ ಅಲ್ಲಿಗೇ ಹೋಗುತ್ತಿದ್ದರು. ಏನು ಮಾಡುತ್ತಾರೆ ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಬಾಯಿ ತೆರೆದೆ. ಹಿಂದಿನಿಂದ ಕಾಶವ್ವ ನನ್ನ ಸೆರಗು ಜಗ್ಗಿದಳು.

"ನಿಂತಿದ್ವಿ," ಎಂದೆ.

"ಎಲ್ಲಾರೂ?"

"ಬೆಳಕು ಕಂಡ ಕೂಡ್ಲೇ ಎಲ್ಲಾರೂ ಎದ್ದ ನಿಂತ್ವಿ."

"ಕೇಳಿದ್ರೇನ್ರೋ! ಹೆಣ್ಮಕ್ಕಳಿಗೆ ತಿಳದೈತಿ, ನಮಗ ತಿಳದಿಲ್ಲ. ತಾಯಿ ತನ್ನ ಜಾಗಾ ತಾನ ತೋರ್ಸ್ಯಾಳ."

ನಾನು ಸುಳ್ಳು ಹೇಳಿರಲಿಲ್ಲ. ಯಾಕೆ ಎದ್ದೆವು ಎಂಬುದನ್ನಷ್ಟೇ ನುಂಗಿದ್ದೆ.

ಹದಿನೈದು ದಿನಕ್ಕೆ ಜೆಸಿಬಿ ಬಂದು ಪೊದೆಯನ್ನು ಬೇರುಸಹಿತ ಕಿತ್ತುಹಾಕಿತು. ಅಂದೇ ಕಟ್ಟೆ ಕಟ್ಟಿ, ಮೇಲೆ ತಗಡು ಹೊದಿಸಿ, ದೇವಿಯನ್ನು ಕೂರಿಸಿದರು. ಬೆಳಕು ಕಂಡವರಿಗೆಲ್ಲ ಉಡಿ ತುಂಬಿದರು. ವಿಧವೆಗೆ ಉಡಿ ತುಂಬುವುದಿಲ್ಲವಲ್ಲ, ನನಗೊಂದು ಕಾಯಿ ಕೊಟ್ಟರು. ಬೇಡ ಎನ್ನಬಹುದಿತ್ತು. ಎನ್ನಲಿಲ್ಲ, ಮನೆಗೆ ತಂದು ಚಟ್ನಿ ಅರೆದೆ, ರುಚಿಯಾಗಿಯೇ ಇತ್ತು. ಪಕ್ಕದಲ್ಲಿ ಬೋರ್ಡೂ ನಿಲ್ಲಿಸಿದ್ದರು. ಅಕ್ಷರ ಕೂಡಿಸಿ ಕೂಡಿಸಿ ಓದಿದೆ: 'ಇಲ್ಲಿ ಹೊಲಸು ಮಾಡಬಾರದು.' ನಾನು ಯಾರ ಸಹಾಯವಿಲ್ಲದೆ ಓದಿದ ಮೊದಲ ಬೋರ್ಡು ಅದು.

ಆ ಸಂಜೆ ಕಾಶವ್ವ ರೊಟ್ಟಿ ಅರ್ಧಕ್ಕೇ ಬಿಟ್ಟಳು. ನೀರೂ ಕುಡಿಯಲಿಲ್ಲ.

"ಉಣ್ಣಬೇ," ಎಂದೆ.

"ಉಂಡ್ರ ಹೋಗಬೇಕಲ್ಲ. ಎಲ್ಲಿಗೆ ಹೋಗ್ಲಿ? ಇನ್ನ ಮರೆ ಇರೂದು ಹಳ್ಳದ ಆಚೆ, ಅಲ್ಲೀ ಮಟ ನನ್ನ ಕಾಲು ಬರತಾವೇನು? ನೀ ಒಂದ ಮಾತು ಬಿಚ್ಚಿ ಹೇಳಿದ್ರ ಏನಾಗತಿತ್ತು?"

"ಸೆರಗು ಜಗ್ಗಿದಾಕಿ ನೀನ!"

"ನಾ ಜಗ್ಗಿದ್ರ ನೀ ಯಾವತ್ತರ ಸುಮ್ಮನಾಗಿಯೇನು? ಅವತ್ತ ಯಾಕಾದಿ?"

ಅವಳು ಬಿಟ್ಟ ಅರ್ಧ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟೆ.

ಮರುದಿನ ಬೆಳಗಿನ ಜಾವ ಚರಿಗೆ ತುಂಬಿಕೊಂಡು ಕಾಶವ್ವನ ಕೈಹಿಡಿದು ಹೊರಟೆ. ಓಣಿ ದಾಟಿದರೆ ಶಿವಪ್ಪನದೇ ಕಬ್ಬಿನ ಹೊಲ, ಯಾರೂ ಕಾಲಿಡದಂತೆ ಸುತ್ತ ಬೇಲಿ ಹಾಕಿದ್ದ. ಮುಳ್ಳಿನ ಬೇಲಿಯನ್ನು ಕಾಲಿನಿಂದ ಸರಿಸಿ ಒಳಗೆ ಹೋಗಿ ಬದುವಿನ ಮೇಲೆ ಕೂತೆವು. ಕರೆಂಟು ಬರುವ ಹೊತ್ತಿಗೆ ಪಂಪು ಚಾಲೂ ಮಾಡಲು ಶಿವಪ್ಪ ಬರುತ್ತಾನೆಂಬುದು ನನಗೆ ಗೊತ್ತಿತ್ತು. ಬಂದ. ಅವನ ಬ್ಯಾಟರಿಯ ಬೆಳಕು ನೇರವಾಗಿ ನಮ್ಮ ಮೇಲೆ ಬಿತ್ತು.

"ಯಾರಲೇ ಅದು?"

ಕಾಶವ್ವ ಏಳಲು ಹವಣಿಸಿದಳು. ಹೆಗಲು ಒತ್ತಿ ಹಿಡಿದೆ.

"ನಾನು, ನಿನ್ನ ವೈನಿ. ಇವತ್ತ ಎದ್ದ ನಿಂದ್ರೂದಿಲ್ಲ, ಶಿವಪ್ಪಾ. ಬ್ಯಾಟರಿ ಆರ್ಸು. ಇಲ್ಲಾಂದ್ರ ಇಲ್ಲೂ ಒಂದು ಗುಡಿ ಕಟ್ಟಸು."

ಬ್ಯಾಟರಿ ಆರಿತು. ಊರ ಕಟ್ಟೆಯ ಮುಂದೆ ನಿಂತು ಇಪ್ಪತ್ತು ಜನರಿಗೆ ಹೇಳಬೇಕಾಗಿದ್ದ ಮಾತನ್ನು, ಹದಿನೈದು ದಿನ ತಡವಾಗಿ, ಕತ್ತಲಲ್ಲಿ, ಕೂತುಕೊಂಡು, ಒಬ್ಬನಿಗೆ ಹೇಳಿದೆ.